ಚಿಂತೆ ಇಲ್ಲ, ಆದರೂ ನಿದ್ದೆ ಇಲ್ಲ

ನಿದ್ದೆ ಬರುವುದಿಲ್ಲ ಎಂದು ಯಾರ ಹತ್ತಿರವಾದರೂ ಒಂದು ಸಲ ಹೇಳಿ ನೋಡಿ. ಎದುರಿಗಿದ್ದವರ ಬಾಯಿಂದ ಬರುವ ಮೊದಲನೆಯ ಮಾತು, "ಅಯ್ಯೋ, ಅಂಥಾ ಚಿಂತೆ ಏನಮ್ಮಾ ನಿಂಗೆ?" ನಮ್ಮ ಹಿರಿಯರು ಗಾದೆಯನ್ನೇ ಮಾಡಿಟ್ಟು ಹೋಗಿದ್ದಾರಲ್ಲ, ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು! ಹಾಗಾದರೆ ಮನೆಯಲ್ಲಿ, ಮೆತ್ತನೆಯ ಹಾಸಿಗೆಯ ಮೇಲೆ, ಫ್ಯಾನಿನ ಕೆಳಗೆ ಮಲಗಿಯೂ ನಿದ್ದೆ ಬಾರದವಳಿಗೆ ಎಷ್ಟು ದೊಡ್ಡ ಚಿಂತೆ ಇರಬೇಕು, ನೀವೇ ಲೆಕ್ಕ ಹಾಕಿ. ಸಾಲವೇ? ಗಂಡ ಸರಿಯಿಲ್ಲವೇ? ಅತ್ತೆಯ ಕಾಟವೇ? ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಮುಖ ನೋಡುತ್ತಾರೆ ಅಷ್ಟೆ.

ಇನ್ನು ಕೆಲವರದು ಬೇರೆ ರಾಗ. "ಮೈ ಬಗ್ಗಿಸಿ ನಾಲ್ಕು ಕೆಲಸ ಮಾಡಿದರೆ ನಿದ್ದೆ ತಾನಾಗಿ ಬರುತ್ತೆ. ಹಗಲೆಲ್ಲಾ ಬಿದ್ದುಕೊಂಡಿದ್ದರೆ ರಾತ್ರಿ ಎಲ್ಲಿಂದ ಬರಬೇಕು?" ಈ ಮಾತು ನಿಮ್ಮ ವಿಷಯದಲ್ಲಿ ನಿಜವಿರಬಹುದು. ನನ್ನ ವಿಷಯದಲ್ಲೂ 2021ರ ಮೇ ತಿಂಗಳಿನವರೆಗೆ ನಿಜವಾಗಿಯೇ ಇತ್ತು. ದಿಂಬಿಗೆ ತಲೆ ಇಟ್ಟರೆ ಮತ್ತೆ ಎಚ್ಚರವಾಗುತ್ತಿದ್ದುದು ಹಾಲಿನವನು ಬೆಲ್ ಒತ್ತಿದಾಗಲೇ. ನಮ್ಮ ಮನೆಯವರು ನನ್ನನ್ನು ಕುಂಭಕರ್ಣನ ತಂಗಿ ಎಂದು ಹಾಸ್ಯ ಮಾಡುತ್ತಿದ್ದರು.

ಆ ವರ್ಷದ ಕೊರೋನಾ ಎರಡನೆಯ ಅಲೆಯನ್ನು ನೀವೂ ಮರೆತಿರಲಾರಿರಿ. ತಿಪಟೂರಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಬಂತು, ಎಲ್ಲರಿಗೂ ಹೋಯಿತು. ನನಗೂ ಹತ್ತು ದಿನಕ್ಕೆ ಜ್ವರ ಬಿಟ್ಟಿತು. ಆಸ್ಪತ್ರೆ, ಆಕ್ಸಿಜನ್ ಯಾವುದೂ ಬೇಕಾಗಲಿಲ್ಲ. ಪುಣ್ಯವಂತೆ ಅಂದರು. ಆದರೆ ಜ್ವರದ ಬೆನ್ನಿಗೆ ಬಂದ ಆಯಾಸ ಮಾತ್ರ ನೆಂಟಳಂತೆ ಬಂದು ಮನೆಯವಳಂತೆ ಉಳಿದುಬಿಟ್ಟಿತು. ಸ್ನಾನ ಮಾಡಿ ಬಂದರೆ ಅರ್ಧ ಗಂಟೆ ಮಲಗಬೇಕು. ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ತೋಳು ಕಲ್ಲಿನಷ್ಟು ಭಾರ. ಒಲೆಯ ಮುಂದೆ ನಿಂತು ನಾಲ್ಕು ದೋಸೆ ಹುಯ್ಯುವಷ್ಟರಲ್ಲಿ ಎದೆ ಡವಡವ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗದೆ ಮೂರು ಮೂರು ಸಲ ರುಚಿ ನೋಡುವುದು.

ಇಷ್ಟು ದಣಿದ ಮೈ ರಾತ್ರಿಯಾದರೂ ಕೊರಡಿನಂತೆ ಮಲಗಬೇಕಲ್ಲವೆ? ಅದೇ ಇಲ್ಲ! ಮೈ ಹಾಸಿಗೆಗೆ ಅಂಟಿಕೊಂಡಿದೆ, ಮಗ್ಗುಲು ಬದಲಿಸಲೂ ತ್ರಾಣವಿಲ್ಲ, ಕಣ್ಣು ಮಾತ್ರ ದೀಪ ಹಚ್ಚಿಟ್ಟ ಹಾಗೆ. ನಮ್ಮ ಮನೆಗೆ ರೈಲ್ವೆ ಸ್ಟೇಷನ್ ದೂರವಿಲ್ಲ. ಅರಸೀಕೆರೆ ಕಡೆಗೆ ಹೋಗುವ ಗಾಡಿ ಯಾವುದು, ಬೆಂಗಳೂರಿನ ಕಡೆಗೆ ಹೋಗುವುದು ಯಾವುದು, ನಿಲ್ಲದೆ ಓಡುವ ಗೂಡ್ಸ್ ಯಾವುದು, ಎಲ್ಲವೂ ಮಲಗಿದಲ್ಲೇ ಶಬ್ದದಿಂದ ಗೊತ್ತಾಗುವಷ್ಟು ಪಳಗಿಬಿಟ್ಟೆ. ಬೆಳಗಿನ ಜಾವ ನಾಲ್ಕಕ್ಕೆ ಒಂದಿಷ್ಟು ಜೊಂಪು ಹತ್ತಿದರೂ ಏಳುವಾಗ ಮಲಗುವುದಕ್ಕಿಂತ ಹೆಚ್ಚು ಸುಸ್ತು.

ಇದೆಲ್ಲ ನನ್ನೊಬ್ಬಳ ಕಷ್ಟವಾಗಿಯೇ ಉಳಿದಿದ್ದರೆ ಈ ಲೇಖನ ಬರೆಯುವ ಗೋಜಿಗೆ ಹೋಗುತ್ತಿರಲಿಲ್ಲವೇನೋ. 2022ರ ಕೊನೆಯಲ್ಲಿ ನನ್ನ ಮಗಳಿಗೆ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಜಾತಕ ಕೂಡಿತ್ತು, ಹುಡುಗ ಹುಡುಗಿ ಮಾತಾಡಿಕೊಂಡು ಒಪ್ಪಿಯೂ ಇದ್ದರು. ಇದ್ದಕ್ಕಿದ್ದ ಹಾಗೆ ಆ ಕಡೆಯವರು ಸುಮ್ಮನಾದರು. ಮಧ್ಯಸ್ಥರನ್ನು ಒತ್ತಾಯ ಮಾಡಿ ಕೇಳಿದ ಮೇಲೆ ವಿಷಯ ಹೊರಬಂತು. "ತಾಯಿಗೆ ಏನೋ ಮನಸ್ಸಿನ ತೊಂದರೆಯಂತೆ. ರಾತ್ರಿಯೆಲ್ಲ ನಿದ್ದೆ ಮಾಡೋದಿಲ್ಲವಂತೆ, ಹಗಲು ಹಾಸಿಗೆ ಬಿಟ್ಟು ಏಳೋದಿಲ್ಲವಂತೆ. ವಂಶದಲ್ಲಿ ಇದೆಯೇನೋ ಅಂತ ಅನುಮಾನ ಅವರಿಗೆ."

ಮನಸ್ಸಿಗೆ ಕಾಯಿಲೆ ಬರುವುದು ನಾಚಿಕೆಯ ವಿಷಯ ಎಂದು ನಾನು ಹೇಳುತ್ತಿಲ್ಲ. ಅದೂ ಕಾಯಿಲೆಯೇ, ಅದಕ್ಕೂ ಔಷಧಿ ಇದೆ. ನನ್ನ ತಕರಾರು ಇಷ್ಟೇ: ಇಲ್ಲದ ಕಾಯಿಲೆಗೆ ಮಾತ್ರೆ ನುಂಗುತ್ತಾ ಕುಳಿತರೆ ಇರುವ ಕಾಯಿಲೆ ಇದ್ದಲ್ಲೇ ಇರುತ್ತದೆ. ನನಗೆ ಆಗ ಒಬ್ಬ ಡಾಕ್ಟರು ಎರಡು ನಿಮಿಷ ಮಾತಾಡಿಸಿ ಮಲಗುವ ಮಾತ್ರೆ ಬರೆದುಕೊಟ್ಟು, "ಯೋಚನೆ ಜಾಸ್ತಿ ಮಾಡಬೇಡಿ" ಎಂದು ಕಳಿಸಿದ್ದರು. ಯೋಚನೆ ಹೊಸದಾಗಿ ಶುರುವಾದದ್ದೇ ಆ ಮಾತಿನಿಂದ!

ಸಂಬಂಧ ಮುರಿದಾಗ ಅತ್ತವಳು ನಾನು, ಅಳದೇ ಇದ್ದವಳು ಮಗಳು. "ಹೋದರೆ ಹೋಗಲಿ ಬಿಡಮ್ಮಾ. ನಿನಗೇನಾಗಿದೆ ಅಂತ ಮೊದಲು ತಿಳ್ಕೊಳ್ಳೋಣ" ಎಂದು 2023ರಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದಳು. ಅಲ್ಲಿನ ವೈದ್ಯರು ಮುಕ್ಕಾಲು ಗಂಟೆ ಕೂರಿಸಿಕೊಂಡು ಎಲ್ಲವನ್ನೂ ಕೇಳಿದರು, ರಕ್ತ ತೆಗೆಸಿದರು, ಹೃದಯ ನೋಡಿಸಿದರು, ಬೇರೆ ಕಾಯಿಲೆಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿದರು. ಕೊನೆಗೆ, "ಇದಕ್ಕೆ ಹೆಸರಿದೆ ಅಮ್ಮಾ" ಎಂದರು. ಕ್ರಾನಿಕ್ ಫಟೀಗ್ ಸಿಂಡ್ರೋಮ್. ಕನ್ನಡದಲ್ಲಿ ದೀರ್ಘಕಾಲದ ಆಯಾಸದ ಬೇನೆ ಅನ್ನೋಣ. ಮಯಾಲ್ಜಿಕ್ ಎನ್‌ಸೆಫಲೋಮಯಲೈಟಿಸ್ ಎಂದು ಇನ್ನೊಂದು ಉದ್ದನೆಯ ಹೆಸರೂ ಇದೆ, ಅದನ್ನು ಹೇಳುವಷ್ಟರಲ್ಲೇ ಆಯಾಸವಾಗುತ್ತದೆ.

ಇದನ್ನು ಗುರುತಿಸಲು ರಕ್ತಪರೀಕ್ಷೆ ಇಲ್ಲ, ಲಕ್ಷಣಗಳಿಂದಲೇ ಗುರುತಿಸಬೇಕು. 2015ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆ ಕೊಟ್ಟ ಲಕ್ಷಣಗಳನ್ನೇ ಈಗ ಬಹಳಷ್ಟು ವೈದ್ಯರು ಬಳಸುತ್ತಾರೆ. ಮೊದಲಿನ ಕೆಲಸಗಳನ್ನು ಮಾಡಲಾಗದಂಥ ಆಯಾಸ ಆರು ತಿಂಗಳಿಗಿಂತ ಹೆಚ್ಚು ಕಾಲ ಇರಬೇಕು, ಸ್ವಲ್ಪ ಶ್ರಮಪಟ್ಟರೂ ಆಮೇಲೆ ಕಾಯಿಲೆ ಕೆರಳಬೇಕು, ಮಲಗಿ ಎದ್ದರೂ ದಣಿವು ಆರಬಾರದು. ಇದರ ಜೊತೆಗೆ ತಲೆಗೆ ಮಂಕು ಕವಿಯುವುದೋ, ಎದ್ದು ನಿಂತರೆ ತಲೆ ತಿರುಗಿ ಎದೆ ಬಡಿದುಕೊಳ್ಳುವುದೋ ಒಂದಿರಬೇಕು. ಬಹಳ ಜನಕ್ಕೆ ವೈರಸ್ ಜ್ವರದ ನಂತರವೇ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಹೆಂಗಸರಲ್ಲಿ ಹೆಚ್ಚು ಎಂಬುದೇ ಮುಳುವಾಯಿತು ನೋಡಿ. 1955ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಸಿಬ್ಬಂದಿಯಲ್ಲಿ 200ಕ್ಕೂ ಹೆಚ್ಚು ಮಂದಿ ಇಂಥದೇ ಬೇನೆಯಿಂದ ಮಲಗಿದರು, ಕೆಲವು ವಾರ ಆಸ್ಪತ್ರೆಯನ್ನೇ ಮುಚ್ಚಬೇಕಾಯಿತು. ಹದಿನೈದು ವರ್ಷದ ನಂತರ, 1970ರಲ್ಲಿ, ಇಬ್ಬರು ಮನೋವೈದ್ಯರು ಹಳೆಯ ಕಾಗದಪತ್ರ ತಿರುವಿ ಹಾಕಿ ಅದು ಗುಂಪಿಗೇ ಹಿಡಿದ ಹಿಸ್ಟೀರಿಯಾ ಎಂದು ಬರೆದರು. ಕಾಯಿಲೆ ಬಿದ್ದವರಲ್ಲಿ ಹೆಂಗಸರೇ ಹೆಚ್ಚು ಎನ್ನುವುದು ಅವರು ಕೊಟ್ಟ ಕಾರಣಗಳಲ್ಲಿ ಒಂದು. ಲಂಡನ್ನಾದರೇನು, ತಿಪಟೂರಾದರೇನು ಹೇಳಿ!

ಇರಲಿ. ನಿದ್ದೆಯ ವಿಷಯಕ್ಕೆ ಬರೋಣ. "ನಿಮ್ಮ ನಿದ್ದೆ ಕದಿಯುವ ಕಳ್ಳ ಒಬ್ಬನಲ್ಲ, ಒಬ್ಬೊಬ್ಬನನ್ನೇ ಹಿಡಿಯಬೇಕು" ಎಂದರು ವೈದ್ಯರು. ಅದೇ ಮಾತು ನನಗೆ ದಾರಿ ತೋರಿಸಿದ್ದು.

ದೊಡ್ಡ ಕಳ್ಳ ನಮ್ಮ ನರಮಂಡಲದೊಳಗೇ ಇದ್ದಾನೆ. ನಾವು ಹೇಳದೆಯೇ ಎದೆ ಬಡಿತ, ಉಸಿರು, ಜೀರ್ಣ ಇವನ್ನೆಲ್ಲ ನೋಡಿಕೊಳ್ಳುವ ನರಗಳಿವೆಯಲ್ಲ, ಅವುಗಳಲ್ಲಿ ಎರಡು ಪಂಗಡ. ಒಂದು ಓಡು, ಹೋರಾಡು ಎಂದು ಎಬ್ಬಿಸುವುದು. ಇನ್ನೊಂದು ಸಾಕು, ಮಲಗು ಎಂದು ತಣಿಸುವುದು. ರಾತ್ರಿಯಾದರೆ ಎಬ್ಬಿಸುವವರು ಹಿಂದೆ ಸರಿದು ತಣಿಸುವವರಿಗೆ ಮನೆ ಬಿಟ್ಟುಕೊಡಬೇಕು. ಈ ಬೇನೆ ಇರುವ ಅನೇಕರಲ್ಲಿ ಹಾಗಾಗುವುದಿಲ್ಲ, ನಿದ್ದೆಯಲ್ಲೂ ಎಬ್ಬಿಸುವವರ ಕೈಯೇ ಮೇಲು, ಎದೆ ಬಡಿತ ಇಳಿಯಬೇಕಾದಷ್ಟು ಇಳಿಯುವುದಿಲ್ಲ ಎಂದು ಪರೀಕ್ಷೆ ಮಾಡಿದವರು ಕಂಡುಕೊಂಡಿದ್ದಾರೆ. ಗ್ಯಾಸ್ ಆರಿಸಿದ ಮೇಲೂ ಕುಕ್ಕರಿನ ಪ್ರೆಷರ್ ಇಳಿಯದೆ ಇದ್ದರೆ ಹೇಗೋ ಹಾಗೆ. ಮೈಗೆ ಸುಸ್ತು, ಒಳಗೆ ಸೀಟಿ. ಬೆಳಿಗ್ಗೆ ನಮ್ಮನ್ನು ಎಬ್ಬಿಸುವ ಕಾರ್ಟಿಸಾಲ್ ಎಂಬ ರಸವೂ ಅಷ್ಟೆ. ಸಾಮಾನ್ಯವಾಗಿ ಬೆಳಗಿನ ಹೊತ್ತು ಏರಿ, ನಡುರಾತ್ರಿಗೆ ತಳಕ್ಕಿಳಿಯಬೇಕಾದದ್ದು ಕೆಲವು ರೋಗಿಗಳಲ್ಲಿ ಏರಿಳಿತ ಕಳೆದುಕೊಂಡು ಚಪ್ಪಟೆಯಾಗಿರುತ್ತದೆ. ಇದು ಬೇನೆಗೆ ಕಾರಣವೋ ಬೇನೆಯ ಫಲವೋ ಎಂಬುದರಲ್ಲಿ ವಿಜ್ಞಾನಿಗಳೇ ಇನ್ನೂ ಒಂದು ಮಾತಿಗೆ ಬಂದಿಲ್ಲ.

ಎರಡನೆಯ ಕಳ್ಳನನ್ನು ಹಿಡಿದವಳು ನಾನೇ, ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ! ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಒಂದು, ಒಂದೂವರೆ ಎಂದು ಹಾಲು ಬರೆಯುತ್ತೇವಲ್ಲ, ಅದೇ ಚೌಕದ ಕೆಳಮೂಲೆಯಲ್ಲಿ ಹಿಂದಿನ ರಾತ್ರಿ ಎಷ್ಟು ಗಂಟೆ ನಿದ್ದೆ ಬಂತು ಎಂದು ಅಂದಾಜಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ದೊಡ್ಡ ಕೆಲಸ ಮಾಡಿದ ದಿನ ಒಂದು ಚುಕ್ಕಿ ಇಡಿ ಎಂದಿದ್ದರು ವೈದ್ಯರು. ಎರಡು ತಿಂಗಳು ಹಾಕಿದೆ. ಮಗಳು ಒಂದು ಭಾನುವಾರ ಅದರ ಮುಂದೆ ನಿಂತವಳು, "ಅಮ್ಮಾ, ಇಲ್ಲಿ ನೋಡು. ಚುಕ್ಕಿ ಇಟ್ಟ ದಿನ ನಿನಗೆ ನಿದ್ದೆ ಪರವಾಗಿಲ್ಲ. ಅದರ ಮಾರನೇ ರಾತ್ರಿ, ಅದರ ಆಚೆ ರಾತ್ರಿ ನೋಡು, ಎರಡು ಗಂಟೆ, ಒಂದೂವರೆ ಗಂಟೆ" ಎಂದಳು. ಹೌದು! ಸಂಡಿಗೆ ಹಾಕಿದ್ದು ಸೋಮವಾರ, ನಿದ್ದೆ ಕೆಟ್ಟದ್ದು ಮಂಗಳವಾರ, ಬುಧವಾರ. ಗೃಹಪ್ರವೇಶಕ್ಕೆ ಹೋಗಿಬಂದದ್ದು ಗುರುವಾರ, ಕಣ್ಣು ಮುಚ್ಚದೆ ಇದ್ದದ್ದು ಶುಕ್ರವಾರದಿಂದ ಮೂರು ರಾತ್ರಿ.

ಈ ಬೇನೆಯ ಗುಟ್ಟೇ ಇದು. ಶ್ರಮದ ಬಿಲ್ಲು ಅವತ್ತೇ ಬರುವುದಿಲ್ಲ, ಅರ್ಧ ದಿನವೋ ಒಂದು ದಿನವೋ ಎರಡು ದಿನವೋ ಬಿಟ್ಟು ಬರುತ್ತದೆ. ಮೈನೋವು, ಗಂಟಲು ಕೆರೆತ, ತಲೆ ಮಂಕು, ಅದರ ಜೊತೆಗೇ ನಿದ್ದೆಗೇಡು. ತಡವಾಗಿ ಬರುವುದರಿಂದ ಯಾರಿಗೂ ಅನುಮಾನವೇ ಬರುವುದಿಲ್ಲ. ಮಂಗಳವಾರ ಏನೂ ಮಾಡದೆ ಮಲಗಿದ್ದಳಲ್ಲ, ಅದಕ್ಕೇ ರಾತ್ರಿ ನಿದ್ದೆ ಬಂದಿಲ್ಲ ಎಂದುಕೊಳ್ಳುತ್ತಾರೆ, ಸೋಮವಾರದ ಸಂಡಿಗೆ ಯಾರಿಗೂ ನೆನಪಿರುವುದಿಲ್ಲ. ಆದ್ದರಿಂದ ಮೈ ಬಗ್ಗಿಸಿದರೆ ನಿದ್ದೆ ಬರುತ್ತೆ ಎಂಬ ಬುದ್ಧಿವಾದ ನಮ್ಮಂಥವರಿಗೆ ಬರೀ ಉಪಯೋಗವಿಲ್ಲದ್ದಲ್ಲ, ಅಪಾಯದ್ದು. ಇಂಗ್ಲೆಂಡಿನಲ್ಲಿ ವೈದ್ಯರಿಗೆ ಮಾರ್ಗಸೂಚಿ ಕೊಡುವ ನೈಸ್ ಎಂಬ ಸಂಸ್ಥೆ ಮೊದಲು ಈ ರೋಗಿಗಳಿಗೆ ದಿನದಿನಕ್ಕೆ ವ್ಯಾಯಾಮ ಏರಿಸುತ್ತಾ ಹೋಗಿ ಎನ್ನುತ್ತಿತ್ತು. 2021ರ ಅಕ್ಟೋಬರಿನಲ್ಲಿ ಆ ಸಲಹೆಯನ್ನು ಕೈಬಿಟ್ಟು, ಇರುವ ಶಕ್ತಿಯನ್ನು ಅಳೆದು ಖರ್ಚು ಮಾಡಿ ಎಂದು ಬದಲಾಯಿಸಿತು. ಕ್ಯಾಲೆಂಡರ್ ತೋರಿಸಿದ ದಿನದಿಂದ ನಮ್ಮ ಅತ್ತೆ ಬುದ್ಧಿವಾದ ನಿಲ್ಲಿಸಿದರು. ಲೆಕ್ಕ ಎಂದರೆ ಅವರಿಗೆ ಬಹಳ ಗೌರವ, ಹಾಲಿನವನಿಗೂ ಗೊತ್ತು ಅದು.

ಮೂರನೆಯವನು ನನ್ನ ಕಾಲಿನಲ್ಲಿದ್ದ. ಸಂಜೆಯಾದರೆ ಮೀನಖಂಡದೊಳಗೆ ಇರುವೆ ಹರಿದ ಹಾಗೆ, ಎಳೆದ ಹಾಗೆ. ಅಲ್ಲಾಡಿಸಿದರೆ ಹಾಯೆನಿಸುವುದು, ನಿಲ್ಲಿಸಿದರೆ ಮತ್ತೆ ಶುರು. "ಕಾಲು ಅಲ್ಲಾಡಿಸಬೇಡವೇ, ಲಕ್ಷ್ಮಿ ಹೊರಟುಹೋಗ್ತಾಳೆ" ಎಂದು ಅತ್ತೆ ಬೇರೆ ಗದರುತ್ತಿದ್ದರು. ಇದನ್ನು ವೈದ್ಯರಿಗೆ ಹೇಳಬೇಕೆಂದೇ ನನಗೆ ತೋಚಿರಲಿಲ್ಲ, ಕಾಲು ಸೆಳೆತ ಯಾರಿಗಿಲ್ಲ ಹೇಳಿ? ಅವರಾಗಿ ಕೇಳಿದರು, ಫೆರಿಟಿನ್ ಎಂಬ ಪರೀಕ್ಷೆ ಬರೆದರು. ನನ್ನ ಹಿಮೋಗ್ಲೋಬಿನ್ 12.2 ಇತ್ತು, ಸರಿಯಾಗಿಯೇ ಇದೆ ಎಂದು ಎಲ್ಲರೂ ಹೇಳಿ ಕಳಿಸಿದ್ದರು. ಫೆರಿಟಿನ್ ನೋಡಿದರೆ 14! ಹಿಮೋಗ್ಲೋಬಿನ್ ಎಂದರೆ ದಿನಬಳಕೆಯ ಡಬ್ಬಿಯಲ್ಲಿರುವ ಅಕ್ಕಿ, ಫೆರಿಟಿನ್ ಎಂದರೆ ಮೂಟೆಯಲ್ಲಿರುವ ದಾಸ್ತಾನು. ಡಬ್ಬಿ ತುಂಬಿದ್ದರೂ ಮೂಟೆ ಬರಿದಾಗಿರಬಹುದು. ಕಾಲಿನ ಈ ಚಡಪಡಿಕೆ ಇರುವವರಲ್ಲಿ ಫೆರಿಟಿನ್ 75ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣದ ಅಂಶ ಕೊಟ್ಟು ನೋಡುವುದು ವೈದ್ಯರ ಪದ್ಧತಿ. ತಿಂಗಳ ಸ್ರಾವ ಹೆಚ್ಚಿರುವವರಿಗಂತೂ ಮೂಟೆ ಬೇಗ ಬರಿದಾಗುತ್ತದೆ. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ ಎಂದು 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅವರಲ್ಲಿ ಎಷ್ಟು ಮಂದಿ ರಾತ್ರಿ ಕಾಲು ಅಲ್ಲಾಡಿಸುತ್ತಾ ಲಕ್ಷ್ಮಿಯ ಹೆದರಿಕೆಯಲ್ಲಿ ಮಲಗಿದ್ದಾರೋ!

ಕಬ್ಬಿಣದ ಮಾತ್ರೆ ಶುರುವಾಯಿತು. ಊಟವಾದ ತಕ್ಷಣ ಕಾಫಿ ಕುಡಿಯುವ ಪದ್ಧತಿ ನಮ್ಮಲ್ಲಿ ಇದೆಯಲ್ಲ, ಕಾಫಿ ಟೀ ಎರಡೂ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತವೆ, ಊಟಕ್ಕೂ ಮಾತ್ರೆಗೂ ಅವನ್ನು ದೂರವಿಡಿ, ಬದಲಿಗೆ ನಿಂಬೆಹಣ್ಣು ಹಿಂಡಿಕೊಳ್ಳಿ ಎಂದರು. ನಾಲ್ಕು ತಿಂಗಳಲ್ಲಿ ಕಾಲು ಸುಮ್ಮನಾಯಿತು. ಆಯಾಸ ಹೋಗಲಿಲ್ಲ, ಅದು ಬೇರೆ ಮಾತು. ಆದರೆ ರಾತ್ರಿಗೆ ಎರಡು ಗಂಟೆ ನಿದ್ದೆ ನನ್ನ ಪಾಲಿಗೆ ವಾಪಸು ಬಂತು. ಹೇಳಿದೆನೆಂದು ನೀವಾಗಿಯೇ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ, ಕಬ್ಬಿಣ ಹೆಚ್ಚಾದರೂ ಕೆಡುಕೇ. ಪರೀಕ್ಷೆ ಮಾಡಿಸಿ.

ಕಾಫಿಯ ಮಾತು ಬಂತು. ಕಾಫಿ ಬಿಡಿ ಎಂದು ಹಾಸನ, ತುಮಕೂರು ಕಡೆಯ ಹೆಂಗಸರಿಗೆ ಹೇಳುವ ಧೈರ್ಯ ನನಗಿಲ್ಲ. ನಾನೂ ಬಿಟ್ಟಿಲ್ಲ. ಆದರೆ ಅದು ಕೆಲಸ ಮಾಡುವ ರೀತಿ ತಿಳಿದುಕೊಂಡಿರಿ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬುದು ಸೇರಿಕೊಳ್ಳುತ್ತಾ ಹೋಗುತ್ತದೆ, ಅದರ ಭಾರವೇ ನಿದ್ದೆ ತರುವುದು. ಕಾಫಿಯ ಕೆಫೀನ್ ಆ ಭಾರ ಮಿದುಳಿಗೆ ತಿಳಿಯದ ಹಾಗೆ ಅಡ್ಡ ನಿಲ್ಲುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಖಾಲಿಯಾಗಲು ಸುಮಾರು ಐದು ಗಂಟೆ ಬೇಕು. ಅಂದರೆ ಸಂಜೆ ಐದಕ್ಕೆ ಕುಡಿದ ಗಟ್ಟಿ ಡಿಕಾಕ್ಷನ್ನಿನ ಅರ್ಧ ರಾತ್ರಿ ಹತ್ತಕ್ಕೂ ಒಳಗೇ ಕೂತಿರುತ್ತದೆ. ಈ ಬೇನೆಯವರು ಸಂಜೆಯ ಹೊತ್ತಿಗೆ ನಿಲ್ಲಲಾರದೆ ಕಾಫಿಯ ಊರುಗೋಲು ಹಿಡಿಯುವುದು ಸಹಜ. ನಾನೀಗ ಬೆಳಿಗ್ಗೆ ಒಂದು, ಹನ್ನೊಂದಕ್ಕೆ ಅರ್ಧ ಲೋಟ, ಅಷ್ಟಕ್ಕೆ ಮುಗಿಸುತ್ತೇನೆ. ಸಂಜೆ ಎಲ್ಲರೂ ಲೋಟ ಹಿಡಿದು ಕೂತಾಗ ನಾನು ಮಜ್ಜಿಗೆ ಹಿಡಿದು ಅವರ ಕಾಫಿಯ ವಾಸನೆ ಕುಡಿಯುತ್ತೇನೆ.

ಹಗಲು ಮಲಗುವ ವಿಷಯಕ್ಕೂ ಇದೇ ಅಡಿನೋಸಿನ್ ಲೆಕ್ಕ. ಮಧ್ಯಾಹ್ನ ಎರಡು ಮೂರು ಗಂಟೆ ಗಾಢವಾಗಿ ನಿದ್ದೆ ಹೋದರೆ ಸೇರಿದ ಭಾರವೆಲ್ಲ ಇಳಿದುಬಿಡುತ್ತದೆ, ರಾತ್ರಿಗೆ ಉಳಿಯುವುದಿಲ್ಲ. ಹಾಗೆಂದು ನಮ್ಮಂಥವರು ಮಲಗದೆ ಇರುವ ಹಾಗೂ ಇಲ್ಲ. ವೈದ್ಯರು ಕೊಟ್ಟ ಉಪಾಯ, ವಿಶ್ರಾಂತಿ ಬೇರೆ, ನಿದ್ದೆ ಬೇರೆ. ಹನ್ನೊಂದೂವರೆಗೊಮ್ಮೆ, ಮೂರಕ್ಕೊಮ್ಮೆ ಇಪ್ಪತ್ತು ಇಪ್ಪತ್ತು ನಿಮಿಷ, ಕುಕ್ಕರಿನ ಟೈಮರ್ ಇಟ್ಟುಕೊಂಡು, ಕಣ್ಣು ಮುಚ್ಚಿ ಮಲಗಿ ಎದ್ದುಬಿಡುತ್ತೇನೆ. ಟಿ.ವಿ. ಇಲ್ಲ, ಫೋನ್ ಇಲ್ಲ, ತರಕಾರಿಯವನ ಜೊತೆ ಕಿಟಕಿಯಿಂದ ಚೌಕಾಸಿಯೂ ಇಲ್ಲ.

ಹಾಸಿಗೆ ಹಿಡಿದವರಿಗೆ ಇನ್ನೊಂದು ತೊಂದರೆ ಬೆಳಕಿನದು. ಮಿದುಳಿನ ತಳದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಒಂದು ಪುಟ್ಟ ಗಡಿಯಾರವಿದೆಯಂತೆ. ದೇಹದ ಗಡಿಯಾರ ನಡೆಯುವ ಬಗೆಯನ್ನು ಕಂಡುಹಿಡಿದ ಮೂವರು ಅಮೆರಿಕದ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನವೇ ಬಂತು. ಆ ಗಡಿಯಾರಕ್ಕೆ ದಿನಾ ಕೀಲಿ ಕೊಡುವುದು ಬೆಳಗಿನ ಬೆಳಕು. ಕಾಯಿಲೆಯವಳ ಕೋಣೆ ಎಂದು ಕಿಟಕಿಗೆ ಪರದೆ ಎಳೆದು ಕತ್ತಲು ಮಾಡಿಟ್ಟರೆ ಗಡಿಯಾರಕ್ಕೆ ಹಗಲು ಯಾವುದು ರಾತ್ರಿ ಯಾವುದು ಎಂದೇ ತಿಳಿಯುವುದಿಲ್ಲ. ನನ್ನ ಮಂಚವನ್ನು ಪೂರ್ವದ ಕಿಟಕಿಯ ಕೋಣೆಗೆ ಹಾಕಿಸಿಕೊಂಡೆ. ಏಳಲಾಗದ ದಿನವೂ ಮಲಗಿದಲ್ಲೇ ಬಿಸಿಲು ಕಾಣಿಸುತ್ತದೆ, ತೆಂಗಿನಮರದ ಗರಿಯ ನೆರಳು ಗೋಡೆಯ ಮೇಲೆ ಆಡುತ್ತದೆ.

ಎದ್ದು ನಿಂತರೆ ಎದೆ ಬಡಿದುಕೊಳ್ಳುತ್ತಿತ್ತು ಎಂದೆನಲ್ಲ, ಅದನ್ನೂ ವೈದ್ಯರು ಬಿಡಲಿಲ್ಲ. ಮಲಗಿದ್ದಾಗ ನಾಡಿ 74, ಎದ್ದು ಹತ್ತು ನಿಮಿಷ ನಿಲ್ಲಿಸಿ ಎಣಿಸಿದಾಗ 108. ನಿಂತಾಗ ರಕ್ತ ಕಾಲಿಗೆ ಇಳಿಯುತ್ತದೆ, ಅದನ್ನು ತಲೆಗೆ ಮುಟ್ಟಿಸಲು ಹೃದಯ ಓಡಬೇಕು, ಹೃದಯವನ್ನು ಓಡಿಸಲು ಮೊದಲು ಹೇಳಿದೆನಲ್ಲ ಆ ಎಬ್ಬಿಸುವ ನರಗಳು ದಿನವಿಡೀ ಚಾಟಿ ಬೀಸಬೇಕು. ರಾತ್ರಿ ಒಂಬತ್ತಕ್ಕೆ ಮಲಗಿದೊಡನೆ ಚಾಟಿ ಕೆಳಗಿಡು ಎಂದರೆ ಇಡುತ್ತವೆಯೇ? ಅದರ ಮೇಲೆ, ಮಲಗಿದಾಗ ಕಾಲಿನ ನೀರೆಲ್ಲ ಮೇಲೆ ಬಂದು ಎರಡು ಮೂರು ಸಲ ಬಚ್ಚಲಿಗೆ ಏಳುವುದು. ಈಗ ತರಕಾರಿ ಹೆಚ್ಚುವುದು, ಚಪಾತಿ ಲಟ್ಟಿಸುವುದು ಎಲ್ಲವೂ ಎತ್ತರದ ಸ್ಟೂಲಿನ ಮೇಲೆ ಕುಳಿತೇ. ನೀರು, ಉಪ್ಪು ಹಾಕಿದ ಮಜ್ಜಿಗೆ ಹಗಲಿನಲ್ಲೇ ಕುಡಿದು ಮುಗಿಸುತ್ತೇನೆ. ಬಿ.ಪಿ. ಇರುವವರು, ಮೂತ್ರಪಿಂಡದ ತೊಂದರೆ ಇರುವವರು ಉಪ್ಪಿನ ಹತ್ತಿರ ಹೋಗಕೂಡದು, ನನಗೆ ಕೇಳಿಯೇ ಕೊಟ್ಟಿದ್ದು.

ಇನ್ನು ಬೇರೆ ಕಾರಣಗಳಿವೆ, ನನಗೆ ಅಂಟದಿದ್ದರೂ ನಿಮ್ಮಲ್ಲಿ ಯಾರಿಗಾದರೂ ಇರಬಹುದು. ಜೋರು ಗೊರಕೆ ಹೊಡೆದು, ನಡುವೆ ಉಸಿರು ಕಟ್ಟಿ, ಬೆಚ್ಚಿ ಏಳುವವರಿಗೆ ನಿದ್ದೆಯಲ್ಲಿ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ ಇರಬಹುದು. ಗೊರಕೆ ಗಂಡಸರ ಆಸ್ತಿ ಎಂದು ಹೆಂಗಸರನ್ನು ಯಾರೂ ಪರೀಕ್ಷೆ ಮಾಡಿಸುವುದಿಲ್ಲ, ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಇದು ಹೆಚ್ಚುತ್ತದೆ. ಮುಟ್ಟು ನಿಲ್ಲುವ ವಯಸ್ಸಿನ ಬೆವರು, ಬಿಸಿ, ಅದೂ ಒಂದು. ಥೈರಾಯಿಡ್ ಏರುಪೇರು ಒಂದು. ಮೈನೋವು ಒಂದು. ಸ್ಟೀರಾಯಿಡ್ ಮಾತ್ರೆ, ಮೂಗು ಕಟ್ಟಿದ್ದಕ್ಕೆ ನುಂಗುವ ಕೆಲವು ಮಾತ್ರೆ ಕೂಡ ನಿದ್ದೆ ಓಡಿಸುತ್ತವೆ. ಇವಕ್ಕೆಲ್ಲ ದಾರಿಯಿದೆ, ಹುಡುಕಿದರೆ.

ಹಾಗಾದರೆ ಚಿಂತೆ? ಸುಳ್ಳು ಹೇಳಲಾರೆ, ಚಿಂತೆಯೂ ಇತ್ತು. ವರ್ಷಗಟ್ಟಲೆ ಹಾಸಿಗೆ ಹಿಡಿದವಳಿಗೆ, ಮಗಳ ಸಂಬಂಧ ತನ್ನಿಂದ ಮುರಿಯಿತು ಎಂದುಕೊಂಡವಳಿಗೆ ಚಿಂತೆ ಇರುವುದಿಲ್ಲವೆ? ಆದರೆ ಮೊದಲು ಬಂದದ್ದು ಕಾಯಿಲೆ, ಚಿಂತೆ ಅದರ ಬಾಲ ಹಿಡಿದುಕೊಂಡು ಬಂದದ್ದು. ಮನಸ್ಸು ತೀರಾ ಕುಗ್ಗಿದಾಗ ಅದನ್ನೂ ವೈದ್ಯರಿಗೆ ಹೇಳಿದೆ, ಕೆಲವು ತಿಂಗಳು ಅದಕ್ಕೂ ಚಿಕಿತ್ಸೆ ತೆಗೆದುಕೊಂಡೆ. ಮನಸ್ಸು ಹಗುರಾಯಿತು. ನಿದ್ದೆಗೇಡು ಪೂರ್ತಿ ಹೋಗಲಿಲ್ಲ ಎನ್ನುವುದೇ ಅದು ಬರೀ ಚಿಂತೆಯಲ್ಲ ಎನ್ನುವುದಕ್ಕೆ ಸಾಕ್ಷಿ. ಮೊದಲು ಕೊಟ್ಟಿದ್ದ ಮಲಗುವ ಮಾತ್ರೆಯನ್ನು ಈ ವೈದ್ಯರು ಒಂದೇ ಏಟಿಗೆ ನಿಲ್ಲಿಸದೆ, ಅರ್ಧ, ಕಾಲು ಎಂದು ಎರಡು ತಿಂಗಳಲ್ಲಿ ಇಳಿಸಿ ಬಿಡಿಸಿದರು. ನೀವು ತೆಗೆದುಕೊಳ್ಳುತ್ತಿದ್ದರೆ ನೀವಾಗಿ ತಟ್ಟನೆ ನಿಲ್ಲಿಸಬೇಡಿ.

ಈ ಬೇನೆಯನ್ನು ಪೂರ್ತಿ ವಾಸಿ ಮಾಡುವ ಔಷಧಿ ಇನ್ನೂ ಬಂದಿಲ್ಲ. ಕಳೆದ ತಿಂಗಳ ಕ್ಯಾಲೆಂಡರಿನಲ್ಲಿ ಐದು ಗಂಟೆಗಿಂತ ಹೆಚ್ಚು ನಿದ್ದೆ ಬಂದ ರಾತ್ರಿಗಳು ಹದಿನೇಳು. ಮೊದಲ ತಿಂಗಳು ಬರೆದಾಗ ಮೂರು ಇದ್ದವು. ನಿದ್ದೆ ಬಾರದ ರಾತ್ರಿ ಈಗ ಹೊರಳಾಡುವುದಿಲ್ಲ. ದೀಪ ಹಾಕದೆ ದಿಂಬಿಗೆ ಒರಗಿ ಕುಳಿತು ಗಾಡಿಗಳ ಶಬ್ದ ಕೇಳುತ್ತೇನೆ. ನಮ್ಮ ಮನೆಯವರೂ ಈಗ "ಏನು ಯೋಚನೆ ಮಾಡ್ತಿದ್ದೀಯಾ?" ಎಂದು ಕೇಳುವುದಿಲ್ಲ, "ಮೊನ್ನೆ ಏನು ಕೆಲಸ ಮಾಡಿದೆ?" ಎಂದು ಕೇಳುತ್ತಾರೆ. ಈ ಪ್ರಶ್ನೆಯ ಬೆಲೆ ನನಗೊಬ್ಬಳಿಗೇ ಗೊತ್ತು.

ಮಗಳಿಗೆ ಈಗ ಬೇರೆ ಸಂಬಂಧ ಗೊತ್ತಾಗಿದೆ. ಈ ಸಲ ಬೇರೆಯವರ ಬಾಯಿಂದ ಹೋಗುವುದು ಬೇಡ ಎಂದು ನಾನೇ ಬೀಗರನ್ನು ಕೂರಿಸಿಕೊಂಡು ಕಾಯಿಲೆಯ ಹೆಸರಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಬೀಗಿತ್ತಿ ಎಲ್ಲ ಕೇಳಿ ಆದ ಮೇಲೆ ಸ್ವರ ತಗ್ಗಿಸಿ, "ಆ ಕಾಲಿನ ಪರೀಕ್ಷೆ ಹೆಸರೇನಂದಿರಿ, ಬರೆದುಕೊಡ್ತೀರಾ?" ಎಂದರು. ಬರೆದುಕೊಟ್ಟೆ. ಮದುವೆ ಬರುವ ಮಾಘದಲ್ಲಿ. ಅಡಿಗೆ, ಉಡುಗೊರೆ, ನೆಂಟರ ಉಪಚಾರ ಎಲ್ಲ ನನ್ನ ತಂಗಿ ಮತ್ತು ಓರಗಿತ್ತಿಯ ಪಾಲು. ವರಪೂಜೆಗೆ ನಾನು ಇರುವುದಿಲ್ಲ, ಛತ್ರದ ಹಿಂದಿನ ಕೋಣೆಯಲ್ಲಿ ಮಲಗಿರುತ್ತೇನೆ. ಇರುವ ಶಕ್ತಿಯನ್ನೆಲ್ಲ ಧಾರೆಯ ಮುಹೂರ್ತಕ್ಕೆ ಉಳಿಸಿಕೊಂಡಿರಬೇಕು. ಕುರ್ಚಿಯ ಮೇಲೆ ಕುಳಿತು ಧಾರೆ ಎರೆಯಬಹುದೇ ಎಂದು ಪುರೋಹಿತರನ್ನು ಕೇಳಿಸಿದ್ದೆ. "ಅದಕ್ಕೇನಂತೆ, ಆಗಬಹುದಮ್ಮಾ" ಎಂದು ಹೇಳಿ ಕಳಿಸಿದ್ದಾರೆ.